ಉತ್ತರ ಬರುವ ಮೊದಲು



ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಈಗ ಅಪರೂಪವೇನಲ್ಲ. ಅಂಥ ಮನೆಯ ಮೊಮ್ಮಕ್ಕಳು ಹದಿನೇಳರ ವಯಸ್ಸಿಗೆ ಬಂದರೆಂದರೆ, ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ಅಲ್ಲಿಂದ ಬರುವ ಫೋನ್ ಕರೆಗಳ ಧಾಟಿಯೇ ಬದಲಾಗುತ್ತದೆ. "ನಿನ್ನ ಮೊಮ್ಮಗಳಿಗೋಸ್ಕರ ಪ್ರಾರ್ಥನೆ ಮಾಡಮ್ಮಾ, ಹದಿನೈದನೇ ತಾರೀಖಿನ ಆಸುಪಾಸಿಗೆ ಉತ್ತರ ಬರುತ್ತದಂತೆ" ಎಂದು ಮಗ ಹೇಳುತ್ತಾನೆ. ಅಜ್ಜಿ ಗುರುವಾರ ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹೋಗಿ ಮೇಣದ ಬತ್ತಿ ಹಚ್ಚುತ್ತಾರೆ. ಕರಾವಳಿಯ ಮನೆಯಾದರೆ ಅತ್ತೂರಿನ ಸಂತ ಲಾರೆನ್ಸರಿಗೆ ಹರಕೆ. ಏನು ವಿಷಯ ಎಂದು ಕೇಳಿದರೆ ಅವರಿಗೂ ಪೂರ್ತಿ ಗೊತ್ತಿರುವುದಿಲ್ಲ. "ಏನೋ ದೊಡ್ಡ ಕಾಲೇಜಂತೆ, ಸೀಟಿನ ವಿಷಯ" ಎನ್ನುತ್ತಾರೆ.

ಆ ಕಾಯುವಿಕೆ ಏನು, ಅದರಲ್ಲಿ ಅಷ್ಟೊಂದು ಆತಂಕ ಏಕೆ, ಆ ದಿನಗಳಲ್ಲಿ ತಂದೆತಾಯಿ ಮಕ್ಕಳಿಗೆ ಏನು ಕೊಡಬೇಕು, ದೇವರಲ್ಲಿ ಏನು ಕೇಳಬಹುದು ಎಂಬುದನ್ನು ಈ ವಾರ ಸ್ವಲ್ಪ ಸಮಾಧಾನವಾಗಿ ಯೋಚಿಸೋಣ.

ಅವಸರದ ಅರ್ಜಿ

ಅಮೆರಿಕದಲ್ಲಿ ಪದವಿ ಶಿಕ್ಷಣಕ್ಕೆ ಸೇರುವ ಕ್ರಮ ನಮ್ಮದರಂತಲ್ಲ. ಒಂದೇ ಪರೀಕ್ಷೆ, ಒಂದೇ ರ‍್ಯಾಂಕ್ ಪಟ್ಟಿ ಎಂಬುದು ಅಲ್ಲಿಲ್ಲ. ಪ್ರತಿ ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆಯಾಗಿ ಅರ್ಜಿ ಹಾಕಬೇಕು. ಹೈಸ್ಕೂಲಿನ ಅಂಕಗಳು, ಅಧ್ಯಾಪಕರ ಶಿಫಾರಸು ಪತ್ರಗಳು, ವಿದ್ಯಾರ್ಥಿಯೇ ಬರೆದ ಪ್ರಬಂಧಗಳು, ಸಂಗೀತ, ಕ್ರೀಡೆ, ಸಮಾಜಸೇವೆ ಎಲ್ಲವನ್ನೂ ಒಟ್ಟಿಗೆ ಇಟ್ಟು ಅಲ್ಲಿನ ಸಮಿತಿ ತೀರ್ಮಾನಿಸುತ್ತದೆ. ಸಾಮಾನ್ಯ ಅರ್ಜಿಗಳಿಗೆ ಉತ್ತರ ಬರುವುದು ಮಾರ್ಚ್ ಕೊನೆಗೆ. ಅದಕ್ಕೂ ಮುಂಚೆ ಇನ್ನೊಂದು ಬಾಗಿಲಿದೆ. ಬಹುತೇಕ ಕಡೆ ನವೆಂಬರ್ 1ರೊಳಗೆ, ಅಂದರೆ ನಾವು ಸಕಲ ಸಂತರ ಹಬ್ಬ ಆಚರಿಸುವ ದಿನದೊಳಗೆ, ಅರ್ಜಿ ಹಾಕಿದವರಿಗೆ ಡಿಸೆಂಬರ್ ಮಧ್ಯದಲ್ಲಿಯೇ ಉತ್ತರ ಸಿಗುತ್ತದೆ.

ಈ ಮುಂಗಡ ಬಾಗಿಲಿನಲ್ಲಿ ಎರಡು ಬಗೆ. 'ಅರ್ಲಿ ಡಿಸಿಷನ್' ಎಂಬುದು ಮಾತು ಕೊಟ್ಟಂತೆ. ಒಂದೇ ಒಂದು ಕಾಲೇಜಿಗೆ ಹೀಗೆ ಅರ್ಜಿ ಹಾಕಬಹುದು. ಸೀಟು ಸಿಕ್ಕರೆ ಸೇರಲೇಬೇಕು, ಉಳಿದ ಕಡೆಯ ಅರ್ಜಿಗಳನ್ನು ಹಿಂತೆಗೆದುಕೊಳ್ಳಬೇಕು. ಈ ಒಪ್ಪಂದಕ್ಕೆ ವಿದ್ಯಾರ್ಥಿಯ ಜೊತೆಗೆ ತಂದೆ ಅಥವಾ ತಾಯಿ ಮತ್ತು ಶಾಲೆಯ ಸಲಹೆಗಾರರೂ ಸಹಿ ಹಾಕುತ್ತಾರೆ. ಸಿಗುವ ಆರ್ಥಿಕ ನೆರವು ಸಾಲದೆ ಹೋದರೆ ಮಾತ್ರ ಬಿಡುಗಡೆ ಕೇಳಬಹುದು. 'ಅರ್ಲಿ ಆ್ಯಕ್ಷನ್' ಎಂಬುದರಲ್ಲಿ ಇಂಥ ಕಟ್ಟಿಲ್ಲ. ಬೇಗ ಉತ್ತರ ತಿಳಿದರೂ ಸೇರುವುದು ಬಿಡುವುದು ಮೇ 1ರವರೆಗೂ ವಿದ್ಯಾರ್ಥಿಯ ಇಚ್ಛೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಹಾಗೂ ಕ್ಯಾಥೋಲಿಕ್ ವಿಶ್ವವಿದ್ಯಾಲಯವಾದ ನೋಟರ್ ಡೇಮ್ ಈ ಎರಡನೆಯ ಬಗೆಯನ್ನೇ ಕೆಲವು ನಿರ್ಬಂಧಗಳೊಡನೆ ನಡೆಸುತ್ತಾ ಬಂದಿವೆ.

ಬರುವ ಉತ್ತರಗಳು ಮೂರು ವಿಧ: ಪ್ರವೇಶ, ನಿರಾಕರಣೆ, ಮುಂದೂಡಿಕೆ. ಮುಂದೂಡಿಕೆ ಎಂದರೆ "ಈಗ ಹೇಳಲಾರೆವು, ಮಾರ್ಚಿನಲ್ಲಿ ಮತ್ತೆ ನೋಡುತ್ತೇವೆ" ಎಂದರ್ಥ. ಹಿಂದೆ ಈ ಉತ್ತರ ಅಂಚೆಯಲ್ಲಿ ಬರುತ್ತಿತ್ತು. ದಪ್ಪ ಲಕೋಟೆ ಬಂದರೆ ಪ್ರವೇಶ, ತೆಳ್ಳಗಿನದು ಬಂದರೆ ನಿರಾಕರಣೆ ಎಂದು ಬಾಗಿಲಲ್ಲೇ ಊಹಿಸುತ್ತಿದ್ದರು. ಈಗ ಮೊದಲೇ ತಿಳಿಸಿದ ದಿನ, ತಿಳಿಸಿದ ಗಂಟೆಗೆ, ಕಂಪ್ಯೂಟರಿನ ಪರದೆಯ ಮೇಲೆ ಎಲ್ಲರಿಗೂ ಒಟ್ಟಿಗೆ ತೆರೆದುಕೊಳ್ಳುತ್ತದೆ. ತರಗತಿಯ ಗೆಳೆಯರೆಲ್ಲ ಒಂದೇ ಗಳಿಗೆಯಲ್ಲಿ ತಿಳಿಯುತ್ತಾರೆ. ಯಾರಿಗೆ ಸಿಕ್ಕಿತು, ಯಾರಿಗೆ ಇಲ್ಲ ಎಂಬುದು ಅರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ.

ಉತ್ತರ ಯಾವುದರ ಬಗ್ಗೆ?

ಹಾರ್ವರ್ಡಿನ ಒಂದು ವರ್ಷದ ಲೆಕ್ಕ ನೋಡಿ. 2023ರ ಡಿಸೆಂಬರಿನಲ್ಲಿ ಅಲ್ಲಿಗೆ ಮುಂಗಡವಾಗಿ ಅರ್ಜಿ ಹಾಕಿದ್ದವರು 7,921 ಮಂದಿ. ಪ್ರವೇಶ ಸಿಕ್ಕಿದ್ದು 692 ಮಂದಿಗೆ. ಮರುವರ್ಷದ ಮಾರ್ಚಿನಲ್ಲಿ ಮುಗಿದ ಒಟ್ಟು ಆಯ್ಕೆಯಲ್ಲಿ 54,008 ಅರ್ಜಿಗಳಿಗೆ 1,937 ಪ್ರವೇಶ. ಅಂದರೆ ನೂರಕ್ಕೆ ನಾಲ್ಕೂ ಇಲ್ಲ. ಹೀಗೆ ಅರ್ಜಿ ಹಾಕುವವರಲ್ಲಿ ಬಹುಪಾಲು ಮಕ್ಕಳು ಓದಿನಲ್ಲಿ ಮುಂದಿರುವವರೇ. ಬಾಗಿಲ ಹೊರಗೆ ಉಳಿದವರು ದಡ್ಡರು ಎಂದು ಯಾರು ಹೇಳಬಲ್ಲರು?

ಸಮಿತಿಯವರು ಮಾಡುತ್ತಿರುವುದು ಒಂದು ತರಗತಿಯನ್ನು ಕಟ್ಟುವ ಕೆಲಸ. ವಾದ್ಯವೃಂದಕ್ಕೆ ಈ ವರ್ಷ ಒಬ್ಬ ಕೊಳಲುಗಾರ ಬೇಕಿರಬಹುದು, ದೋಣಿ ಸ್ಪರ್ಧೆಯ ತಂಡಕ್ಕೆ ಒಬ್ಬರು ಸಾಲದಿರಬಹುದು, ಇಂಥ ರಾಜ್ಯದಿಂದ ಯಾರೂ ಇಲ್ಲದಿರಬಹುದು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೆಲವು ಕಡೆ ಆದ್ಯತೆ ಇರುತ್ತದೆ. ಇವೆಲ್ಲ ಆ ಸಂಸ್ಥೆಯ ಅಗತ್ಯಗಳು. ಉತ್ತರ ಬಂದಾಗ ಅದು ಸೀಟಿನ ಬಗ್ಗೆ ಏನೋ ಹೇಳುತ್ತದೆ. ಆ ಹುಡುಗಿ ಎಂಥವಳು, ಅವಳ ಬಾಳು ಏನಾಗಲಿದೆ ಎಂಬ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ಹೇಳಲೂ ಆಗದು. ಕೆಲವು ಪುಟಗಳ ಅರ್ಜಿಯನ್ನು ಓದಿದ ಅಪರಿಚಿತರಿಗೆ ಅದನ್ನು ತಿಳಿಯುವ ಶಕ್ತಿಯಿಲ್ಲ.

ಆದರೆ ಹದಿನೇಳು ವರ್ಷದ ಮನಸ್ಸಿಗೆ ಈ ವ್ಯತ್ಯಾಸ ಸುಲಭವಾಗಿ ಕಾಣುವುದಿಲ್ಲ. ಆ ಅರ್ಜಿಯಲ್ಲಿ ಅವಳು ಬರೆದದ್ದು ತನ್ನದೇ ಕಥೆ: ತನ್ನ ಮನೆ, ತನ್ನ ಕನಸು, ತಾನು ಅತ್ತದ್ದು, ತಾನು ಎದ್ದದ್ದು. ಗಣಿತದ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಗಣಿತ ಬರಲಿಲ್ಲ ಎಂದುಕೊಳ್ಳಬಹುದು. ತನ್ನ ಕಥೆಯನ್ನೇ ಒಪ್ಪಿಸಿ "ಬೇಡ" ಎನ್ನಿಸಿಕೊಂಡರೆ ತಾನೇ ಬೇಡವಾದೆ ಎನ್ನಿಸುತ್ತದೆ. ಆತಂಕದ ಬೇರು ಇಲ್ಲಿದೆ. ಅವಳು ಕಾಯುತ್ತಿರುವುದು ಒಂದು ಸೀಟಿಗಾಗಿ ಎಂದು ನಾವು ತಿಳಿದಿದ್ದೇವೆ. ತನ್ನ ಬೆಲೆ ಎಷ್ಟು ಎಂಬ ತೀರ್ಪಿಗಾಗಿ ಕಾಯುತ್ತಿದ್ದೇನೆ ಎಂದು ಅವಳು ತಿಳಿದಿದ್ದಾಳೆ.

ಈ ಬಾಗಿಲು ಎಲ್ಲರಿಗೂ ಸಮವೇ?

ಇನ್ನೊಂದು ಮಾತನ್ನೂ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಮುಂಗಡ ಬಾಗಿಲಿನಿಂದ ಹೋಗುವವರಿಗೆ ಅನುಕೂಲವಿದೆ. ಕ್ರಿಸ್ಟೋಫರ್ ಏವರಿ, ಆ್ಯಂಡ್ರೂ ಫೇರ್‌ಬ್ಯಾಂಕ್ಸ್, ರಿಚರ್ಡ್ ಝೆಕ್‌ಹೌಸರ್ ಎಂಬ ಮೂವರು 2003ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮುಂಗಡ ಅರ್ಜಿಯ ಲಾಭ ಪ್ರವೇಶ ಪರೀಕ್ಷೆಯಲ್ಲಿ ಸುಮಾರು 100 ಅಂಕ ಹೆಚ್ಚು ಪಡೆದಷ್ಟಕ್ಕೆ ಸಮ ಎಂದು ಲೆಕ್ಕ ಹಾಕಿ ತೋರಿಸಿದರು. ಆದರೆ ಈ ಬಾಗಿಲನ್ನು ಬಳಸಬಲ್ಲವರು ಯಾರು? ಅಕ್ಟೋಬರಿನಲ್ಲೇ ಎಲ್ಲವನ್ನೂ ಸಿದ್ಧಮಾಡಿಕೊಡುವ ಸಲಹೆಗಾರರಿರುವ ಶಾಲೆಯ ಮಕ್ಕಳು. ಮೂರು ನಾಲ್ಕು ಕಾಲೇಜುಗಳು ಕೊಡುವ ನೆರವನ್ನು ಹೋಲಿಸಿ ನೋಡದೆಯೇ "ಸೇರುತ್ತೇವೆ" ಎಂದು ಮಾತು ಕೊಡಬಲ್ಲ ಹಣವಂತರು. ಟ್ಯಾಕ್ಸಿ ಓಡಿಸುವ ತಂದೆ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ತಾಯಿ ಹಾಗೆ ಮಾತು ಕೊಡುವ ಮೊದಲು ಹತ್ತು ಸಲ ಯೋಚಿಸಬೇಕಾಗುತ್ತದೆ.

ಇದೇ ಕಾರಣ ಹೇಳಿ 2006ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಮುಂಗಡ ಪ್ರವೇಶವನ್ನೇ ಕೈಬಿಡುವುದಾಗಿ ಘೋಷಿಸಿದವು. ವರ್ಜೀನಿಯಾ ವಿಶ್ವವಿದ್ಯಾಲಯವೂ ಅದೇ ದಾರಿ ಹಿಡಿಯಿತು. ಉಳಿದವರು ಹಿಂಬಾಲಿಸಲಿಲ್ಲ. ಒಳ್ಳೆಯ ವಿದ್ಯಾರ್ಥಿಗಳು ಬೇರೆಡೆ ಹೋಗುತ್ತಾರೆಂಬ ಭಯವೂ ಇತ್ತು. 2011ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಎರಡೂ ಮುಂಗಡ ಪ್ರವೇಶಕ್ಕೆ ಮರಳಿದವು. ಅಂದಮೇಲೆ ಕಾಯುವ ಮನೆಯವರು ಒಂದನ್ನು ನೆನಪಿನಲ್ಲಿಡಬೇಕು. ಸೀಟು ಸಿಕ್ಕರೆ ಅದು ಪೂರ್ತಿ ನಮ್ಮ ಯೋಗ್ಯತೆಯ ಫಲ ಎಂದು ಎದೆಯುಬ್ಬಿಸಿಕೊಳ್ಳುವ ಹಕ್ಕು ನಮಗಿಲ್ಲ. ಸಿಗದಿದ್ದರೆ ಅದು ಪೂರ್ತಿ ನಮ್ಮ ಅಯೋಗ್ಯತೆ ಎಂದು ತಲೆ ತಗ್ಗಿಸುವ ಕಾರಣವೂ ಇಲ್ಲ.

ಭಯಕ್ಕೆ ಎಷ್ಟು ಆಧಾರ?

"ಇದೆಲ್ಲ ಉಪದೇಶ. ಆ ಕಾಲೇಜು ಸಿಗದಿದ್ದರೆ ಮಗುವಿನ ಭವಿಷ್ಯ ಏನು?" ಎಂದು ತಂದೆತಾಯಿ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿ ಕೊಡುವ 1,364 ಕಾಲೇಜುಗಳನ್ನು ಪ್ಯೂ ಸಂಶೋಧನಾ ಕೇಂದ್ರ ಪರಿಶೀಲಿಸಿದಾಗ, 2017ರಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ ಮಂದಿಗೆ ಪ್ರವೇಶ ಕೊಟ್ಟವು 17 ಮಾತ್ರ ಎಂದು ಕಂಡುಬಂತು. ಅರ್ಧಕ್ಕಿಂತ ಹೆಚ್ಚು ಕಾಲೇಜುಗಳು ಅರ್ಜಿ ಹಾಕಿದ ಮೂವರಲ್ಲಿ ಇಬ್ಬರಿಗಾದರೂ ಸೀಟು ಕೊಟ್ಟಿದ್ದವು. ಇಡೀ ಆತಂಕ ಆ ಬೆರಳೆಣಿಕೆಯ ಬಾಗಿಲುಗಳ ಮುಂದೆ ಗುಂಪುಗೂಡಿ ನಿಂತಿದೆ.

ಆ ಬಾಗಿಲುಗಳ ಒಳಗೆ ಹೋದವರು ಹೆಚ್ಚು ಸಂಪಾದಿಸುತ್ತಾರೆಯೇ? ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಮಟ್ಟದ ಸಾಮರ್ಥ್ಯ ಮತ್ತು ಒಂದೇ ಮಟ್ಟದ ಆಸೆ ಇರುವ ವಿದ್ಯಾರ್ಥಿಗಳನ್ನು ಹೋಲಿಸಿದರೆ, ಯಾವ ಕಾಲೇಜಿಗೆ ಹೋದರು ಎಂಬುದರಿಂದ ಮುಂದಿನ ಸಂಪಾದನೆಯಲ್ಲಿ ಹೇಳುವಷ್ಟು ವ್ಯತ್ಯಾಸವಾಗಲಿಲ್ಲ ಎಂದು ತೋರಿಸಿದರು. ಬಡ ಕುಟುಂಬದಿಂದ ಬಂದವರಿಗೆ ಮಾತ್ರ ಅಂಥ ಕಾಲೇಜಿನಿಂದ ನಿಜವಾದ ಲಾಭವಾಗಿತ್ತು. ಅತಿ ಎತ್ತರದ ಹುದ್ದೆಗಳಿಗೆ ಏರುವ ಸಾಧ್ಯತೆ ಇಂಥ ಕೆಲವು ವಿಶ್ವವಿದ್ಯಾಲಯಗಳಿಂದ ಹೆಚ್ಚುತ್ತದೆ ಎಂದು 2023ರ ಇನ್ನೊಂದು ದೊಡ್ಡ ಅಧ್ಯಯನ ಹೇಳಿತು; ಸರಾಸರಿ ಸಂಪಾದನೆಯಲ್ಲಿ ಅದಕ್ಕೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ "ಕಾಲೇಜು ಮುಖ್ಯವೇ ಅಲ್ಲ" ಎನ್ನುವುದು ಸುಳ್ಳಾಗುತ್ತದೆ. "ಈ ಕಾಲೇಜು ಇಲ್ಲದಿದ್ದರೆ ಬಾಳೇ ಇಲ್ಲ" ಎನ್ನುವುದು ಅದಕ್ಕಿಂತ ದೊಡ್ಡ ಸುಳ್ಳು. ಗಮನಿಸಿ: ಹೆಚ್ಚು ಭಯಪಡುವವರು ಸಾಮಾನ್ಯವಾಗಿ ಅನುಕೂಲಸ್ಥರೇ. ಯಾರ ಮಕ್ಕಳಿಗೆ ಆ ಸೀಟಿನಿಂದ ಕಡಿಮೆ ಲಾಭವೋ ಅವರ ಮನೆಯಲ್ಲೇ ನಿದ್ದೆ ಕೆಡುವುದು ಹೆಚ್ಚು.

ಈ ಭಯ ಎಲ್ಲಿಗೆ ಕೊಂಡೊಯ್ಯಬಲ್ಲುದು ಎಂಬುದನ್ನು 2019ರ ಮಾರ್ಚಿನಲ್ಲಿ ಅಮೆರಿಕ ಕಂಡಿತು. ಮಕ್ಕಳ ಪರೀಕ್ಷೆಯ ಉತ್ತರಗಳನ್ನು ತಿದ್ದಿಸಿ, ಆಡದ ಆಟದಲ್ಲಿ ಆಟಗಾರರೆಂದು ಸುಳ್ಳು ದಾಖಲೆ ಹುಟ್ಟಿಸಿ, ತರಬೇತುದಾರರಿಗೆ ಲಂಚ ಕೊಟ್ಟು ಸೀಟು ಕೊಂಡ ಪ್ರಕರಣದಲ್ಲಿ 50 ಮಂದಿಯ ಮೇಲೆ ಆರೋಪ ಬಂತು. ಸಿರಿವಂತ ತಂದೆತಾಯಂದಿರು ಸೆರೆಮನೆ ಕಂಡರು. ಹೆಚ್ಚು ದುಃಖದ ಸಂಗತಿ ಎಂದರೆ, ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇರಲಿಲ್ಲ. ತಮ್ಮ ತಂದೆತಾಯಿ ತಮ್ಮನ್ನು ನಂಬಿರಲಿಲ್ಲ ಎಂಬುದನ್ನು ಅವರು ಪ್ರಕರಣ ಹೊರಬಿದ್ದ ಮೇಲೆ ತಿಳಿದರು. ನಾವು ಲಂಚ ಕೊಡುವವರಲ್ಲ, ನಿಜ. ಆದರೆ ಪ್ರಬಂಧವನ್ನು ಬೇರೆಯವರಿಂದ ಬರೆಸುವುದು, ಮಾಡದ ಸಮಾಜಸೇವೆಯನ್ನು ಮಾಡಿದಂತೆ ಸೇರಿಸುವುದು ಇವೂ ಅದೇ ದಾರಿಯ ಮೊದಲ ಹೆಜ್ಜೆಗಳು. "ನೀನು ಇದ್ದ ಹಾಗೇ ಇದ್ದರೆ ಸಾಲದು" ಎಂದು ಮಗುವಿಗೆ ಅವು ಹೇಳಿಕೊಡುತ್ತವೆ.

ಕಾಯುವುದನ್ನು ತಪ್ಪಿಸಿಕೊಳ್ಳಲಾಗದು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯ ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ಕಾಯುವಿಕೆಯನ್ನೇ ಅಧ್ಯಯನದ ವಿಷಯವಾಗಿ ತೆಗೆದುಕೊಂಡವರು. ವಕೀಲಿ ಪರೀಕ್ಷೆ ಬರೆದು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾಯುತ್ತಿದ್ದ 230 ಪದವೀಧರರನ್ನು ಅವರ ತಂಡ ಪ್ರಶ್ನಿಸಿ, 2016ರಲ್ಲಿ ತನ್ನ ವರದಿ ಪ್ರಕಟಿಸಿತು. ಆಶಾವಾದಿಗಳಾಗಿರಲು ಯತ್ನಿಸಿದವರು, ಕೆಟ್ಟದ್ದಕ್ಕೆ ಮನಸ್ಸು ಗಟ್ಟಿಮಾಡಿಕೊಂಡವರು, ಯೋಚಿಸದೆ ಇರಲು ಹೆಣಗಿದವರು, ಯಾರಿಗೂ ಆ ಉಪಾಯಗಳಿಂದ ಆತಂಕ ಕಡಿಮೆಯಾಗಲಿಲ್ಲ. ವಿಚಿತ್ರವೆಂದರೆ, ಕಾಯುವಾಗ ಹೆಚ್ಚು ಸಂಕಟಪಟ್ಟವರೇ ಕೆಟ್ಟ ಸುದ್ದಿ ಬಂದಾಗ ಅದನ್ನು ಚೆನ್ನಾಗಿ ಎದುರಿಸಿದರು, ಒಳ್ಳೆಯ ಸುದ್ದಿ ಬಂದಾಗ ಹೆಚ್ಚು ಸಂತೋಷಪಟ್ಟರು. ನಿರಾತಂಕವಾಗಿದ್ದವರನ್ನು ಕೆಟ್ಟ ಸುದ್ದಿ ಹೆಚ್ಚು ಕೆಡವಿತು. ಮುಂದೆ ಅದೇ ತಂಡ ಕಂಡುಕೊಂಡ ಇನ್ನೊಂದು ಸಂಗತಿ: ಮೈಮರೆತು ಮಾಡುವಂಥ ಒಂದು ಕೆಲಸದಲ್ಲಿ ತೊಡಗಿದವರಿಗೆ ಕಾಯುವ ದಿನಗಳು ಸ್ವಲ್ಪ ಹಗುರವಾಗಿದ್ದವು.

ಇದರಿಂದ ನಮಗೆ ತಿಳಿಯುವುದೇನು? ಆತಂಕಪಡುವ ಮಗುವಿಗೆ "ಅಷ್ಟಕ್ಕೆಲ್ಲ ಯಾಕೆ ಚಿಂತೆ?" ಎಂದು ಗದರಬೇಡಿ. "ಖಂಡಿತ ಸಿಗುತ್ತೆ ಬಿಡು" ಎಂದು ಕೈಲಿಲ್ಲದ ಭರವಸೆಯನ್ನೂ ಕೊಡಬೇಡಿ. ಅವಳ ಚಿಂತೆ ರೋಗವಲ್ಲ. ಬಯಸಿದ್ದಕ್ಕೆ ತೆರುವ ಸುಂಕ ಅದು. ಊಟ, ನಿದ್ದೆ, ಮಾತು ಎಲ್ಲ ದಿನಗಟ್ಟಲೆ ನಿಂತೇ ಹೋದರೆ, "ನಾನು ಇದ್ದೂ ಏನು ಪ್ರಯೋಜನ" ಎಂಬಂಥ ಮಾತು ಬಾಯಲ್ಲಿ ಬಂದರೆ, ಅದು ಬೇರೆ. ಆಗ ಉತ್ತರದ ದಿನಕ್ಕೆ ಕಾಯದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಏನನ್ನು ಬೇಡಬಹುದು?

ಈಗ ಅಜ್ಜಿಯ ಮೇಣದ ಬತ್ತಿಯ ವಿಷಯಕ್ಕೆ ಬರೋಣ. ಒಂದು ಸೀಟಿಗೆ ಹತ್ತು ಮಂದಿ ಮಕ್ಕಳಿದ್ದಾರೆ, ಹತ್ತು ಮನೆಗಳಲ್ಲೂ ನವೇನ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ನನ್ನ ಮೊಮ್ಮಗಳಿಗೆ ಸಿಗಲಿ ಎಂದರೆ ಉಳಿದ ಒಂಬತ್ತು ಮಂದಿಗೆ ಸಿಗದಿರಲಿ ಎಂದಾಗುವುದಿಲ್ಲವೇ? ಅದಲ್ಲದೆ, ಡಿಸೆಂಬರ್ 15ರಂದು ತಿಳಿಯುವ ಉತ್ತರವನ್ನು ಸಮಿತಿ ಅದಕ್ಕೆ ಮುಂಚೆಯೇ ಬರೆದಿಟ್ಟಿರುತ್ತದೆ. 14ರ ರಾತ್ರಿ ಹಚ್ಚಿದ ಬತ್ತಿ ಏನನ್ನು ಬದಲಿಸಬೇಕು?

ಬೇಡುವುದು ತಪ್ಪು ಎಂದು ನಮ್ಮ ಧರ್ಮ ಎಂದೂ ಹೇಳಿಲ್ಲ. ಗೆತ್ಸೆಮನೆಯ ತೋಪಿನಲ್ಲಿ ಯೇಸುಸ್ವಾಮಿಯೇ ತನಗೆ ಬೇಕಾದುದನ್ನು ಬಾಯಿಬಿಟ್ಟು ತಂದೆಯಲ್ಲಿ ಬೇಡಿಕೊಂಡರು. ಆಮೇಲೆ ತೀರ್ಮಾನವನ್ನು ತಂದೆಯ ಚಿತ್ತಕ್ಕೇ ಬಿಟ್ಟರು. ಆದ್ದರಿಂದ ಆಸೆಯನ್ನು ಮುಚ್ಚಿಡದೆ ಹೇಳಿಕೊಳ್ಳಿ. ಮಗು ತಂದೆಯ ಬಳಿ ಹೇಳಿಕೊಳ್ಳದೆ ಇನ್ನಾರ ಬಳಿ ಹೇಳಿಕೊಳ್ಳಬೇಕು? ಆದರೆ ಹರಕೆ ವ್ಯಾಪಾರವಾಗಬಾರದು. "ಸೀಟು ಕೊಟ್ಟರೆ ಇಷ್ಟು ಕೊಡುತ್ತೇನೆ" ಎಂಬುದರಲ್ಲಿ, ಕೊಡದಿದ್ದರೆ ನಮ್ಮ ನಂಟು ಮುಗಿಯಿತು ಎಂಬ ಅರ್ಥವೂ ಅಡಗಿದೆ. ಹಾಗೆ ಬೇಡುವ ಮನೆಯಲ್ಲಿ ಸೀಟು ಸಿಗದ ಮಗು ಎರಡು ಬಾಗಿಲುಗಳಿಂದ ಹೊರಬಿದ್ದಂತೆ ನಿಲ್ಲುತ್ತದೆ: ಕಾಲೇಜೂ ಬೇಡ ಎಂದಿತು, ದೇವರೂ ಕೇಳಲಿಲ್ಲ.

ಉಳಿದ ಒಂಬತ್ತು ಮಂದಿಯನ್ನೂ ಸೇರಿಸಿಕೊಂಡು ಪ್ರಾರ್ಥಿಸಿ ನೋಡಿ. ಅವಳ ಗೆಳತಿಯೂ ಅದೇ ಕಾಲೇಜಿಗೆ ಅರ್ಜಿ ಹಾಕಿದ್ದರೆ ಅವಳ ಹೆಸರನ್ನೂ ಹೇಳಿ. ಹೀಗೆ ಮಾಡಿದಾಗ ಬೇಡಿಕೆ ತಾನಾಗಿಯೇ ಬದಲಾಗುತ್ತದೆ. ಸಿಕ್ಕವರಿಗೆ ಗರ್ವ ಬಾರದಿರಲಿ, ಸಿಗದವರ ಎದೆ ಒಡೆಯದಿರಲಿ, ಎಲ್ಲರಿಗೂ ಒಂದು ದಾರಿ ತೆರೆಯಲಿ ಎಂದು ಬೇಡುತ್ತೇವೆ. ಇದರಲ್ಲಿ ಯಾರ ಸೋಲನ್ನೂ ಕೇಳಿದಂತಾಗುವುದಿಲ್ಲ. ಸಮಿತಿಯ ಕೋಣೆಯಲ್ಲಿ ತೀರ್ಮಾನ ಆಗಿಹೋಗಿರಬಹುದು. ಇನ್ನೂ ತೀರ್ಮಾನವಾಗದೆ ಉಳಿದಿರುವುದು ನಮ್ಮ ಮನೆ: ಉತ್ತರ ಬಂದ ಗಳಿಗೆಯಲ್ಲಿ ಅದು ಎಂಥ ಮನೆಯಾಗಿರುತ್ತದೆ ಎಂಬುದು. ಬತ್ತಿ ಹಚ್ಚಬೇಕಾದ್ದು ಅದಕ್ಕಾಗಿ.

ಲಿಸಿಯದ ಒಂದು ಮನೆ

ಹೀಗೆ ಕಾದ ಒಂದು ಮನೆಯನ್ನು ನಾವೆಲ್ಲ ಬಲ್ಲೆವು, ಆದರೆ ಈ ದೃಷ್ಟಿಯಿಂದ ನೋಡಿರುವುದಿಲ್ಲ. ಫ್ರಾನ್ಸಿನ ಲಿಸಿಯದ ಸಂತ ತೆರೇಸಾ, ನಾವು ಪುಟ್ಟ ತೆರೇಸಾ ಎಂದು ಕರೆಯುವವರು, ಹದಿನಾಲ್ಕರ ವಯಸ್ಸಿನಲ್ಲೇ ಕಾರ್ಮೆಲ್ ಕನ್ಯಾಮಠ ಸೇರಬೇಕೆಂದು ಹಂಬಲಿಸಿದರು. ವಯಸ್ಸು ಸಾಲದೆಂದು ಅಲ್ಲಿನ ಗುರುಗಳು ಒಪ್ಪಲಿಲ್ಲ. 1887ರ ಅಕ್ಟೋಬರ್ 31ರಂದು, ಅಂದರೆ ಸಕಲ ಸಂತರ ಹಬ್ಬದ ಹಿಂದಿನ ದಿನ, ತಂದೆ ಲೂಯಿ ಮಾರ್ಟಿನ್ ಮಗಳನ್ನು ಬಾಯೂ ಊರಿನ ಧರ್ಮಾಧ್ಯಕ್ಷರ ಬಳಿಗೆ ಕರೆದೊಯ್ದರು. ದೊಡ್ಡವಳಂತೆ ಕಾಣಲೆಂದು ಅವರು ಅಂದು ಕೂದಲನ್ನು ಮೇಲೆತ್ತಿ ಕಟ್ಟಿಕೊಂಡಿದ್ದರು. ಸ್ಪಷ್ಟ ಉತ್ತರ ಸಿಗಲಿಲ್ಲ. ನವೆಂಬರ್ 20ರಂದು ರೋಮಿನಲ್ಲಿ ಜಗದ್ಗುರು 13ನೆಯ ಲಿಯೋ ಅವರ ಪಾದದ ಬಳಿ ಮೊಣಕಾಲೂರಿ ಬೇಡಿದರು. ದೇವರ ಚಿತ್ತವಿದ್ದರೆ ಸೇರುವೆ ಎಂಬ ಮಾತಷ್ಟೇ ಸಿಕ್ಕಿತು. ಅಳುತ್ತಾ ಹೊರಬಂದರು.

ಆ ಆಗಮನ ಕಾಲವಿಡೀ ಉತ್ತರಕ್ಕಾಗಿ ಕಾದರು. ಕ್ರಿಸ್ತಜಯಂತಿ ಬಂದರೂ ಪತ್ರ ಬರಲಿಲ್ಲ. ಧರ್ಮಾಧ್ಯಕ್ಷರು ಡಿಸೆಂಬರ್ 28ರಂದು ಕೊಟ್ಟ ಅನುಮತಿ ಅವರಿಗೆ ತಿಳಿದದ್ದು ಹೊಸ ವರ್ಷದ ದಿನ. ಅಲ್ಲಿಗೂ ಮುಗಿಯಲಿಲ್ಲ, ತಪಸ್ಸುಕಾಲ ಮುಗಿಯುವವರೆಗೆ ಕಾಯಬೇಕೆಂದು ಮಠದವರು ಮುಂದೂಡಿದರು. ಒಳಗೆ ಹೋದದ್ದು 1888ರ ಏಪ್ರಿಲ್ 9ರಂದು. ಆ ಮೂರು ತಿಂಗಳು ಹಾಯಾಗಿ ಕಳೆದುಬಿಡೋಣ ಎಂದು ಮೊದಲು ಅನ್ನಿಸಿತಂತೆ. ಆಮೇಲೆ ಬಾಯಿಗೆ ಬಂದ ಎದುರುತ್ತರವನ್ನು ತಡೆದುಕೊಳ್ಳುವುದು, ಯಾರಿಗೂ ತಿಳಿಯದಂತೆ ಮನೆಯವರಿಗೆ ಸಣ್ಣಪುಟ್ಟ ಸಹಾಯ ಮಾಡುವುದು, ಹೀಗೆ ಆ ದಿನಗಳನ್ನು ಕೆಲಸಕ್ಕೆ ಹಚ್ಚಿದರು. ಮುಂದೆ ಲೋಕಕ್ಕೆ ಅವರು ಕಲಿಸಿದ ಪುಟ್ಟ ದಾರಿಯ ಅಭ್ಯಾಸ ಮುಂದೂಡಿಕೆಯ ಆ ತಿಂಗಳುಗಳಲ್ಲಿಯೂ ನಡೆಯಿತು.

ತೆರೇಸಾ ಬೇಡಿದ್ದು ಹೆಸರು ತರುವ ಸ್ಥಾನವನ್ನಲ್ಲ, ನಿಜ. ಕೊನೆಗೆ ಅವರಿಗೆ ಪ್ರವೇಶ ಸಿಕ್ಕಿತು, ಅದೂ ನಿಜ. ಸಿಗದವರ ಕಥೆ ಬೇಕಾದರೆ ಅವರ ತಂದೆತಾಯಿಯನ್ನು ನೋಡಬೇಕು. ಲೂಯಿ ಯುವಕನಾಗಿದ್ದಾಗ ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಮಠ ಸೇರಲು ಹೋದರು. ಲತೀನ್ ಬಾರದೆಂದು ಹಿಂದಕ್ಕೆ ಕಳುಹಿಸಿದರು. ತಾಯಿ ಝೆಲಿ ಕನ್ಯಾಸ್ತ್ರೀಯಾಗಲು ಹೋದರು, ಅವರನ್ನೂ ತೆಗೆದುಕೊಳ್ಳಲಿಲ್ಲ. ನಿರಾಕರಣೆಗೊಂಡ ಈ ಇಬ್ಬರು 1858ರಲ್ಲಿ ಮದುವೆಯಾದರು. ಗಂಡಿನ ಕೈಯಲ್ಲಿ ಗಡಿಯಾರದ ಕೆಲಸ, ಹೆಣ್ಣಿನ ಕೈಯಲ್ಲಿ ಲೇಸ್ ಹೆಣಿಗೆ. 2015ರ ಅಕ್ಟೋಬರ್ 18ರಂದು ಧರ್ಮಸಭೆ ಇಬ್ಬರನ್ನೂ ಒಟ್ಟಿಗೆ ಸಂತರೆಂದು ಸಾರಿತು.

ಇದನ್ನು ಹೇಳಿ "ನೋಡಿದೆಯಾ, ಇದಕ್ಕಿಂತ ಒಳ್ಳೆಯದು ಕಾದಿದೆ" ಎಂದು ಅಳುತ್ತಿರುವ ಮಗುವಿಗೆ ಬೋಧಿಸಬೇಡಿ. ಏನು ಕಾದಿದೆ ಎಂದು ನಮಗೆ ಗೊತ್ತಿಲ್ಲ. ನಿರಾಕರಣೆ ಕೊನೆಯ ಮಾತಲ್ಲ ಎಂಬುದಷ್ಟೇ ನಮಗೆ ಗೊತ್ತು. ಇನ್ನೊಂದನ್ನೂ ಗಮನಿಸಿ. ಸ್ವತಃ "ಬೇಡ" ಎನ್ನಿಸಿಕೊಂಡಿದ್ದ ಆ ತಂದೆ ತನ್ನ ನಿರಾಸೆಯನ್ನು ಮಗಳ ಮೇಲೆ ಹೊರಿಸಲಿಲ್ಲ. ಅವಳಿಗೆ ಸಿಗಲೇಬೇಕು ಎಂದು ಹಟ ಹಿಡಿಯಲಿಲ್ಲ, ಸಿಗುವುದು ಬೇಡ ಎಂದು ತಡೆಯಲೂ ಇಲ್ಲ. ಜೊತೆಗೆ ಹೋದರು, ಜೊತೆಗೆ ಮರಳಿದರು.

ಮೊದಲೇ ಹೇಳಬೇಕಾದ ಮಾತು

ಹಾಗಾದರೆ ಕಾಯುವ ಮನೆಯಲ್ಲಿ ಮಾಡಬೇಕಾದ್ದೇನು? ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ, ಅದಕ್ಕೆ ಕಾಲದ ಗಡುವೂ ಇದೆ. "ನೀನು ಎಲ್ಲಿ ಓದಿದರೂ ನಮ್ಮ ಮಗಳೇ. ಈ ಉತ್ತರ ಏನೇ ಬರಲಿ, ನಿನ್ನ ಬಗ್ಗೆ ನಮಗಿರುವ ಹೆಮ್ಮೆ ಒಂದು ಎಳ್ಳಷ್ಟೂ ಏರುವುದಿಲ್ಲ, ಇಳಿಯುವುದಿಲ್ಲ." ಈ ಮಾತನ್ನು ಉತ್ತರ ಬರುವ ಮೊದಲು ಹೇಳಬೇಕು. ಸೀಟು ಸಿಕ್ಕ ಮೇಲೆ ಹೇಳಿದರೆ ಅದು ಬಹುಮಾನದಂತೆ ಕೇಳಿಸುತ್ತದೆ. ಸಿಗದ ಮೇಲೆ ಹೇಳಿದರೆ ಸಮಾಧಾನಕ್ಕೆ ಆಡಿದ ಮಾತಿನಂತೆ ಕೇಳಿಸುತ್ತದೆ. ಮಗು ನಮ್ಮ ಮುಖ ನೋಡಿ ನಿಜವೋ ಸುಳ್ಳೋ ಎಂದು ಅಳೆಯುತ್ತದೆ. ಏನೂ ಗೊತ್ತಿಲ್ಲದ ದಿನ ಹೇಳಿದರೆ ಮಾತ್ರ ಅದು ಇದ್ದ ಹಾಗೆ ಕೇಳಿಸುತ್ತದೆ. ಕಾಯುವ ದಿನಗಳಿಗೆ ಇರುವ ದೊಡ್ಡ ಪ್ರಯೋಜನ ಇದೇ. ಷರತ್ತಿಲ್ಲದ ಪ್ರೀತಿಯನ್ನು ಷರತ್ತಿಲ್ಲವೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಕಾಲ ಸಿಗದು.

ಹೇಳುವ ಮೊದಲು ಆ ಮಾತು ನಿಜವೇ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಸ್ನೇಹಿತರು "ಮಗಳು ಎಲ್ಲಿ ಸೇರಿದಳು?" ಎಂದು ಕೇಳುವುದನ್ನು ನೆನೆದು ನಮಗೆ ಭಯವಾಗುತ್ತಿದೆಯೇ? ಆಗುತ್ತಿದ್ದರೆ, ಆ ಆತಂಕ ಯಾರದು ಎಂದು ಗುರುತಿಸಿಕೊಳ್ಳೋಣ. ನಮ್ಮ ಆತಂಕವನ್ನು ಹೊರುವ ಕೆಲಸ ಮಗುವಿನದಲ್ಲ.

ಇನ್ನುಳಿದವು ಸಣ್ಣ ಸಂಗತಿಗಳು. ಉತ್ತರ ಬರುವ ಸಂಜೆ ಅದನ್ನು ಒಬ್ಬಳೇ ನೋಡಬೇಕೋ ಎಲ್ಲರ ಜೊತೆ ನೋಡಬೇಕೋ ಎಂಬುದನ್ನು ಮಗುವೇ ತೀರ್ಮಾನಿಸಲಿ. ಅಂದಿನ ಅಡುಗೆಯನ್ನು ಮೊದಲೇ ನಿಶ್ಚಯಿಸಿ. ಸಿಕ್ಕರೂ ಸಿಗದಿದ್ದರೂ ಅದೇ ಊಟ, ಎಲ್ಲರೂ ಒಟ್ಟಿಗೆ ಕೂತು. ಸಿಕ್ಕರೆ ಸಂತೋಷಪಡಿ, ಆದರೆ ಸಿಗದ ಗೆಳತಿಯ ಮನೆಯನ್ನು ನೆನೆದು ಸದ್ದು ಕಡಿಮೆ ಮಾಡಿ. ಸಿಗದಿದ್ದರೆ ಅಳಲು ಬಿಡಿ. ಕಾರಣ ಹುಡುಕಬೇಡಿ, ಸಮಿತಿಯನ್ನು ಬೈಯಬೇಡಿ, ಮರುದಿನವೇ ಉಳಿದ ಅರ್ಜಿಗಳ ಪಟ್ಟಿ ಹಿಡಿದು ಕೂರಿಸಬೇಡಿ. ಆ ಅರ್ಜಿಗಳಿಗೆ ಇನ್ನೂ ಕೆಲವು ದಿನಗಳಿರುತ್ತವೆ. ಮುಂದೂಡಿದರೆ, ಅದನ್ನು ಅರ್ಧ ಗೆಲುವೆಂದೂ ಅರ್ಧ ಸೋಲೆಂದೂ ಕರೆಯದೆ, ಬೇರೆ ಕಾಲೇಜುಗಳನ್ನೂ ಪ್ರೀತಿಯಿಂದ ನೋಡಲು ಕಲಿಸಿ.

ಇಲ್ಲಿರುವ ಅಜ್ಜ ಅಜ್ಜಿ, ಚಿಕ್ಕಪ್ಪ, ಅತ್ತೆಯರಿಗೂ ಒಂದು ಮಾತು. ಆ ದಿನ ಬೆಳಗಾಗುತ್ತಲೇ "ಏನಾಯಿತು?" ಎಂದು ಫೋನ್ ಮಾಡಬೇಡಿ. ಹೇಳಬೇಕೆನ್ನಿಸಿದಾಗ ಅವರೇ ಹೇಳುತ್ತಾರೆ. ಮಾತನಾಡಲೇಬೇಕೆನ್ನಿಸಿದರೆ ಈ ವಾರವೇ ಮಾಡಿ, ಸೀಟಿನ ವಿಷಯ ಎತ್ತದೆ ಮಾತನಾಡಿ. ಊಟ ಆಯಿತೇ, ಅಲ್ಲಿ ಚಳಿ ಎಷ್ಟಿದೆ, ಕುಸ್ವಾರ್‌ಗೆ ಈ ಸಲ ಏನೇನು ಮಾಡುತ್ತೀರಿ ಎಂದು ಕೇಳಿ. ತನ್ನನ್ನು ಅರ್ಜಿಯಾಗಿ ಅಲ್ಲ, ಮೊಮ್ಮಗಳಾಗಿ ಕಾಣುವವರು ಏಳು ಸಮುದ್ರದ ಆಚೆ ಒಬ್ಬರಿದ್ದಾರೆ ಎಂದು ಅವಳಿಗೆ ತಿಳಿಯಲಿ.

ನಮ್ಮ ಮನೆಗಳಲ್ಲೂ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶಕ್ಕೆ ಕಾಯುವ ಮಕ್ಕಳಿದ್ದಾರೆ. ಅವರಿಗೂ ಈ ಮಾತು ಬೇಕು, ಅವರಿಗೂ ಅದು ಮೊದಲೇ ಬೇಕು. ಇವತ್ತು ರಾತ್ರಿ ಜಪಮಾಲೆ ಮುಗಿದ ಮೇಲೆ, ದೀಪ ಆರಿಸುವ ಮುನ್ನ, ಹತ್ತಿರ ಕರೆದು ಹೇಳಿಬಿಡಿ.